ಪಟ್ಟಿಯಲ್ಲಿಲ್ಲದ ತಂತ್ರಾಂಶಗಳನ್ನು ಕಚೇರಿಯ ಕಂಪ್ಯೂಟರ್‌ಗಳಿಂದ ತೆಗೆಯಬೇಕಂತೆ: ಕೆಲಸ ನಡೆಸುವುದು ಹೇಗೆ?

ಕುಶಾಲನಗರ_ಲೆಕ್ಕಪತ್ರ (ಪ್ರಶ್ನೆ)

ಕುಶಾಲನಗರದ ಸಮೀಪದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ (ಕಾಫಿ ಬೀಜ ಸಂಸ್ಕರಿಸುವ ಕಾರ್ಖಾನೆ) ಲೆಕ್ಕಪತ್ರ ವಿಭಾಗದಲ್ಲಿ ನಾನು ಹನ್ನೊಂದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಕಾರ್ಖಾನೆ ಇಲ್ಲಿದ್ದರೂ ಆಡಳಿತ ಕಚೇರಿ ಬೆಂಗಳೂರಿನಲ್ಲಿದೆ. ಕಳೆದ ವಾರ ಅಲ್ಲಿಂದ ಬಂದ ಸುತ್ತೋಲೆಯ ಪ್ರಕಾರ ನಮ್ಮ ಒಂಬತ್ತು ಕಂಪ್ಯೂಟರ್‌ಗಳಲ್ಲಿಯೂ ಅವರು ಕಳುಹಿಸಿರುವ ಪಟ್ಟಿಯಲ್ಲಿನ ತಂತ್ರಾಂಶಗಳು ಮಾತ್ರ ಇರತಕ್ಕದ್ದು, ಉಳಿದವನ್ನು ಹದಿನೈದು ದಿನಗಳೊಳಗೆ ತೆಗೆಯತಕ್ಕದ್ದು, ಹೊಸದಾಗಿ ಏನನ್ನಾದರೂ ಹಾಕಿಕೊಳ್ಳುವುದಿದ್ದರೆ ಲಿಖಿತ ಅನುಮತಿ ಪಡೆಯತಕ್ಕದ್ದು. ಪಟ್ಟಿಯಲ್ಲಿರುವುದು ವಿಂಡೋಸ್ 11, ಎಂಎಸ್ ಆಫೀಸ್, ಟ್ಯಾಲಿ, ಒಂದು ಬ್ರೌಸರ್, ಒಂದು ಆಂಟಿವೈರಸ್ ಮತ್ತು ಪಿಡಿಎಫ್ ಓದುವ ಒಂದು ತಂತ್ರಾಂಶ. ಅಲ್ಲಿಗೆ ಪಟ್ಟಿ ಮುಗಿಯಿತು.

ನಿರ್ಬಂಧವೇ ಬೇಡವೆಂಬುದು ನನ್ನ ವಾದವಲ್ಲ. ಮೂರು ವರ್ಷಗಳ ಹಿಂದೆ ಯಾರೋ ಇಳಿಸಿಕೊಂಡ ಉಚಿತ ಪಿಡಿಎಫ್ ತಂತ್ರಾಂಶದ ಜೊತೆಗೆ ಇನ್ನೇನೋ ಬಂದು ಸೇರಿಕೊಂಡು, ಬ್ರೌಸರ್ ತೆರೆದರೆ ಬರೀ ಜಾಹೀರಾತು ಎಂಬಂತಾಗಿ, ರೊಬಸ್ಟಾ ಚೆರಿ ಬರುವ ಭರಾಟೆಯಲ್ಲಿ ಎರಡು ದಿನ ಕೈಬರಹದ ಚೀಟಿ ಕೊಟ್ಟದ್ದು ನನಗೆ ಚೆನ್ನಾಗಿ ನೆನಪಿದೆ. ಆದರೆ ಈ ಪಟ್ಟಿಯನ್ನು ತಯಾರಿಸಿದವರು ನಮ್ಮ ಕೆಲಸವನ್ನು ಒಂದು ದಿನವೂ ಬಂದು ನೋಡಿದವರಲ್ಲ.

ಬೆಳೆಗಾರರಿಗೆ ಕೊಡುವ ಮುಂಗಡದ ಒಪ್ಪಿಗೆ ಪತ್ರ, ಲೆಕ್ಕದ ವಿವರ, ಕಾರ್ಮಿಕರಿಗೆ ಹಚ್ಚುವ ಸೂಚನೆ ಎಲ್ಲವೂ ಕನ್ನಡದಲ್ಲಿಯೇ ಹೋಗುತ್ತವೆ. ಪಹಣಿಯಲ್ಲಿರುವ ಹೆಸರನ್ನು ನಮ್ಮ ಖಾತೆಯೊಂದಿಗೆ ತಾಳೆ ನೋಡಬೇಕಾದರೂ ಕನ್ನಡವೇ ಬೇಕು; ಏಕೆಂದರೆ ಕೊಡಗಿನ ಮನೆತನದ ಹೆಸರನ್ನು ಇಂಗ್ಲಿಷಿನಲ್ಲಿ ಅಣ್ಣ ಒಂದು ರೀತಿ, ತಮ್ಮ ಇನ್ನೊಂದು ರೀತಿ ಬರೆಯುವುದು ಇಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಇವೆಲ್ಲವನ್ನೂ ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ಮಾಡಿಟ್ಟಿದ್ದೇವೆ, ಸುಮಾರು 1,400 ಕಡತಗಳಿರಬಹುದು. ನುಡಿಯ ಹೆಸರು ಪಟ್ಟಿಯಲ್ಲಿಲ್ಲ.

ಎರಡನೆಯದಾಗಿ, ಯುರೋಪಿಗೆ ಹೋಗುವ ಕಾಫಿ ಅರಣ್ಯನಾಶದ ಭೂಮಿಯಲ್ಲಿ ಬೆಳೆದದ್ದಲ್ಲ ಎಂದು ತೋರಿಸಲು ತೋಟದ ಅಕ್ಷಾಂಶ ರೇಖಾಂಶ ಕೊಡಬೇಕೆಂಬ 2023ರ ನಿಯಮ ಬಂದ ಮೇಲೆ, ಬೆಳೆಗಾರರು ಮೊಬೈಲಿನಲ್ಲಿ ಗುರುತಿಸಿ ಕಳುಹಿಸುವ ಗಡಿಗಳನ್ನು ನಾವು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ತೆರೆದು ಸರಿಪಡಿಸುತ್ತೇವೆ. ಅದೂ ಪಟ್ಟಿಯಲ್ಲಿಲ್ಲ. ಮೂರನೆಯದಾಗಿ, ಲಾರಿ ತೂಗುವ ವೇ ಬ್ರಿಡ್ಜ್ ಕೋಣೆಯ ಕಂಪ್ಯೂಟರ್ ಇಂದಿಗೂ ವಿಂಡೋಸ್ 7ರಲ್ಲಿಯೇ ಇದೆ, ತೂಕದ ತಂತ್ರಾಂಶ ಅದರ ಮೇಲೆ ಮಾತ್ರ ನಡೆಯುತ್ತದೆ, ಅದು ಕೆಟ್ಟಾಗ ಮೈಸೂರಿನಲ್ಲಿರುವ ದುರಸ್ತಿಯವರು ಎನಿಡೆಸ್ಕ್ ಎಂಬ, ದೂರದಿಂದಲೇ ಕಂಪ್ಯೂಟರ್ ನಡೆಸುವ ತಂತ್ರಾಂಶದ ಮೂಲಕ ಒಳಬಂದು ಸರಿಮಾಡುತ್ತಾರೆ. ಕೊನೆಯದಾಗಿ, ಪಹಣಿ, ಆಧಾರ್, ಪಾಸ್‌ಬುಕ್ಕುಗಳನ್ನು ನಮ್ಮ ಹುಡುಗರು ತಮ್ಮ ಮೊಬೈಲಿನ ಸ್ಕ್ಯಾನರ್ ಆಪ್‌ನಲ್ಲಿ ತೆಗೆದು, ಪಿಡಿಎಫ್ ಗಾತ್ರವನ್ನು ಯಾವುದೋ ಜಾಲತಾಣದಲ್ಲಿ ಕುಗ್ಗಿಸಿ ಕಳುಹಿಸುತ್ತಾರೆ. ಸುತ್ತೋಲೆಯಲ್ಲಿ ಇದನ್ನೂ ನಿಷೇಧಿಸಲಾಗಿದೆ.

ಇವುಗಳಲ್ಲಿ ಯಾವುದಕ್ಕೆ ಅನುಮತಿ ಕೇಳುವುದು ನ್ಯಾಯ, ಯಾವುದನ್ನು ಬಿಡುವುದು ಒಳ್ಳೆಯದು, ಕೇಳುವುದಾದರೆ ಹೇಗೆ ಬರೆದರೆ ಅವರು ಗಂಭೀರವಾಗಿ ಪರಿಗಣಿಸುತ್ತಾರೆ ಎಂಬುದನ್ನು ತಿಳಿದವರು ದಯವಿಟ್ಟು ಹೇಳಿ. ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ) ಆಗಲೇ ಬರತೊಡಗಿದೆ, ಹದಿನೈದು ದಿನಗಳಲ್ಲಿ ಏಳು ಕಳೆದಿವೆ.

ಮಡಿಕೇರಿ_ಗಣಕಸೇವೆ

ನಾನು ಮಡಿಕೇರಿ ಮತ್ತು ಸುತ್ತಮುತ್ತಲ ಕೆಲವು ಕಚೇರಿಗಳ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವನು, ಅಂದರೆ ಇಂತಹ ಪಟ್ಟಿಗಳನ್ನು ತಯಾರಿಸಿ ಬೈಸಿಕೊಳ್ಳುವ ಕಡೆಯವನು. ನೀವು ಹೇಳಿರುವ ನಾಲ್ಕು ವಿಷಯಗಳನ್ನು ಒಂದೇ ಅರ್ಜಿಯಲ್ಲಿ ಸೇರಿಸಿ ಕಳುಹಿಸಿದರೆ ನಾಲ್ಕಕ್ಕೂ ಒಂದೇ ಉತ್ತರ ಬರುತ್ತದೆ, ಆ ಉತ್ತರ ಏನೆಂಬುದನ್ನು ನಾನು ಹೇಳಬೇಕಾಗಿಲ್ಲ. ನಾಲ್ಕೂ ಬೇರೆ ಬೇರೆ ಜಾತಿಯ ಸಮಸ್ಯೆಗಳು.

ಮೊದಲು ಎನಿಡೆಸ್ಕ್. ಇದನ್ನು ಬಿಟ್ಟುಬಿಡಿ ಎಂದೇ ನನ್ನ ಸಲಹೆ. ಅದರ ಉಚಿತ ಆವೃತ್ತಿ ವೈಯಕ್ತಿಕ ಬಳಕೆಗೆ ಮಾತ್ರ, ವ್ಯಾಪಾರಕ್ಕೆ ಬಳಸಿದರೆ ಪರವಾನಗಿಯ ಉಲ್ಲಂಘನೆ ಎಂಬುದು ಸಣ್ಣ ಮಾತು. ದೊಡ್ಡ ಮಾತೆಂದರೆ ದುರಸ್ತಿಯವರು ಸಾಮಾನ್ಯವಾಗಿ ಖಾಯಂ ಪಾಸ್‌ವರ್ಡ್ ಇಟ್ಟುಬಿಟ್ಟಿರುತ್ತಾರೆ, ಆಗ ಕುರ್ಚಿಯಲ್ಲಿ ಯಾರೂ ಇಲ್ಲದಿದ್ದರೂ ಹೊರಗಿನಿಂದ ಒಳಬರಬಹುದು, ಮತ್ತು ಆ ಪಾಸ್‌ವರ್ಡ್ ಅವರ ಎಷ್ಟು ಜನ ಹುಡುಗರಿಗೆ ಗೊತ್ತಿದೆ ಎಂಬುದು ಅವರಿಗೂ ತಿಳಿದಿರುವುದಿಲ್ಲ. ಇದೇ ತಂತ್ರಾಂಶವನ್ನು ಬಳಸಿ ಮೊಬೈಲ್ ಮೂಲಕ ಬ್ಯಾಂಕ್ ಖಾತೆಗಳಿಂದ ಹಣ ದೋಚುತ್ತಿದ್ದಾರೆಂದು ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲಿಯೇ ಎಚ್ಚರಿಸಿತ್ತು. ತನ್ನದೇ ಸರ್ವರ್‌ಗಳಿಗೆ ದಾಳಿಕೋರರು ನುಗ್ಗಿದ್ದರೆಂದು ಆ ಕಂಪನಿಯೇ 2024ರ ಫೆಬ್ರವರಿಯಲ್ಲಿ ಒಪ್ಪಿಕೊಂಡಿತು. ಇನ್ನು ನಿಮ್ಮ ವೇ ಬ್ರಿಡ್ಜ್ ಕಂಪ್ಯೂಟರಿನ ವಿಂಡೋಸ್ 7ಕ್ಕೆ 2020ರ ಜನವರಿ 14ರ ನಂತರ ಸಾಮಾನ್ಯ ಬಳಕೆದಾರರಿಗೆ ಭದ್ರತಾ ಪರಿಷ್ಕರಣೆಗಳು ನಿಂತಿವೆ. ಬೀಗವಿಲ್ಲದ ಬಾಗಿಲಿಗೆ ಹೊರಗಿನಿಂದ ತೆರೆಯುವ ಇನ್ನೊಂದು ಚಿಲಕ ಹಾಕಿಟ್ಟ ಹಾಗಾಯಿತು. ತೂಕದ ಇಂಡಿಕೇಟರ್ ಆ ಕಂಪ್ಯೂಟರಿಗೆ ಸೀರಿಯಲ್ ಕೇಬಲ್ ಮೂಲಕ ಸಂಪರ್ಕ ಹೊಂದಿರುತ್ತದೆಯೇ ಹೊರತು ಅದಕ್ಕೆ ಇಂಟರ್‌ನೆಟ್ ಬೇಕಾಗಿಯೇ ಇಲ್ಲ. ಆದ್ದರಿಂದ ಕೇಳಬೇಕಾದದ್ದು ಎನಿಡೆಸ್ಕ್‌ಗೆ ಅನುಮತಿಯನ್ನಲ್ಲ. ತೂಕದ ತಂತ್ರಾಂಶ ಬದಲಾಗುವವರೆಗೆ ಆ ಒಂದು ಯಂತ್ರವನ್ನು ಜಾಲದಿಂದ ಪೂರ್ತಿ ಬೇರ್ಪಡಿಸಿ ವಿಂಡೋಸ್ 7ರಲ್ಲಿಯೇ ಉಳಿಸಿಕೊಳ್ಳಲು ಕಾಲಮಿತಿಯ ವಿನಾಯಿತಿಯನ್ನು.

ಮೊಬೈಲ್ ಸ್ಕ್ಯಾನರ್ ವಿಷಯದಲ್ಲಿಯೂ ನಾನು ಆಡಳಿತ ಕಚೇರಿಯ ಪರ. 2019ರ ಆಗಸ್ಟ್‌ನಲ್ಲಿ ಕ್ಯಾಮ್‌ಸ್ಕ್ಯಾನರ್ ಎಂಬ ಬಹು ಜನಪ್ರಿಯ ಆಪ್‌ನ ಒಂದು ಆವೃತ್ತಿಯಲ್ಲಿ, ಜಾಹೀರಾತಿಗಾಗಿ ಸೇರಿಸಿದ್ದ ಭಾಗದೊಳಗೆ ದುರುದ್ದೇಶದ ಕೋಡ್ ಅಡಗಿದ್ದುದನ್ನು ಕ್ಯಾಸ್ಪರ್‌ಸ್ಕೀ ಸಂಶೋಧಕರು ಪತ್ತೆಹಚ್ಚಿದರು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಆಪ್‌ಗಳಲ್ಲಿ ಅದೂ ಇತ್ತು. ಅಷ್ಟಾದರೂ ಅದನ್ನು ಮೊಬೈಲಿನಿಂದ ತೆಗೆಯದ ಎಷ್ಟೋ ಜನರನ್ನು ನಾನು ಕಚೇರಿಗಳಲ್ಲಿ ಕಂಡಿದ್ದೇನೆ. ಪಿಡಿಎಫ್ ಕುಗ್ಗಿಸುವ ಜಾಲತಾಣ ಇನ್ನೂ ಒಂದು ಹೆಜ್ಜೆ ಮುಂದಿನದು: ಬೆಳೆಗಾರರ ಆಧಾರ್, ಸರ್ವೆ ನಂಬರು, ಬ್ಯಾಂಕ್ ಖಾತೆಯ ಸಂಖ್ಯೆ ಮೂರನ್ನೂ ಒಂದೇ ಕಡತದಲ್ಲಿ ಕಟ್ಟಿ, ಎಲ್ಲಿದೆಯೆಂದು ತಿಳಿಯದ ಸರ್ವರಿಗೆ ನಾವೇ ಒಯ್ದು ಕೊಡುತ್ತೇವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಸಂಸ್ಥೆಗಳ ಮೇಲಿನ ಮುಖ್ಯ ಹೊಣೆಗಳು ಅಲ್ಲಿಂದ ಹದಿನೆಂಟು ತಿಂಗಳಿಗೆ ಜಾರಿಗೆ ಬರುತ್ತವೆ. ದತ್ತಾಂಶವನ್ನು ಸಮಂಜಸವಾಗಿ ಕಾಪಾಡದ ಸಂಸ್ಥೆಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ಕಡತವನ್ನು ಸೋರಿಸಿದ್ದು ನಮ್ಮ ಕಂಪ್ಯೂಟರ್ ಅಲ್ಲ, ಹುಡುಗನ ಮೊಬೈಲ್ ಎಂಬ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ. ಒಂದು ಸಾಧಾರಣ ಸ್ಕ್ಯಾನರ್ ಯಂತ್ರವನ್ನು ಕೇಳಿ, 200 ಡಿಪಿಐನಲ್ಲಿ ಕಪ್ಪುಬಿಳುಪಾಗಿ ಸ್ಕ್ಯಾನ್ ಮಾಡಿದರೆ ಕುಗ್ಗಿಸುವ ಪ್ರಮೇಯವೇ ಹೆಚ್ಚಾಗಿ ಬರುವುದಿಲ್ಲ.

ಕ್ಯೂಜಿಐಎಸ್ ಬಗ್ಗೆ ಮಾತ್ರ ಧೈರ್ಯವಾಗಿ ಕೇಳಿ. ಅದು ಮುಕ್ತ ತಂತ್ರಾಂಶ, ವ್ಯಾಪಾರಕ್ಕೆ ಬಳಸಲು ಯಾವ ಶುಲ್ಕವೂ ಇಲ್ಲ, ದೀರ್ಘಾವಧಿಯ ಬೆಂಬಲವಿರುವ ಆವೃತ್ತಿಯೂ ಸಿಗುತ್ತದೆ, ಕಡತಗಳು ನಿಮ್ಮ ಕಂಪ್ಯೂಟರಿನಲ್ಲಿಯೇ ಉಳಿಯುತ್ತವೆ. ಉಚಿತವೆಂಬ ಒಂದೇ ಪದದಡಿಯಲ್ಲಿ ಜನ ಬೇರೆ ಬೇರೆ ಸಂಗತಿಗಳನ್ನು ಬೆರೆಸುವುದರಿಂದ ಇಂತಹವು ಅನ್ಯಾಯವಾಗಿ ಪಟ್ಟಿಯ ಹೊರಗುಳಿಯುತ್ತವೆ. ಕಡತ ಕುಗ್ಗಿಸುವ ತಂತ್ರಾಂಶಗಳನ್ನೇ ನೋಡಿ: ಸೆವೆನ್‌ಜಿಪ್ ಕಚೇರಿಗೂ ಉಚಿತ. ವಿನ್‌ರಾರ್ ನಲವತ್ತು ದಿನಗಳ ಪ್ರಯೋಗಕ್ಕೆ ಮಾತ್ರ ಉಚಿತ, ಆದರೆ ಅವಧಿ ಮುಗಿದ ಮೇಲೂ ಓಡುತ್ತಲೇ ಇರುವುದರಿಂದ ಹತ್ತು ವರ್ಷ ಹಾಗೆಯೇ ಬಳಸಿದವರಿದ್ದಾರೆ. ಮೈಸೂರಿನಿಂದ ಪೆನ್‌ಡ್ರೈವ್‌ನಲ್ಲಿ ತಂದು ಹಾಕಿದ ಕಳ್ಳಪ್ರತಿಗಳ ಮಾತು ಬೇರೆಯೇ. ಅಂಥದ್ದೆಂದು ತಿಳಿದೂ ಬಳಸುವವರಿಗೆ ಹಕ್ಕುಸ್ವಾಮ್ಯ ಕಾಯಿದೆಯ 63ಬಿ ಕಲಮಿನಡಿ ಕನಿಷ್ಠ ಏಳು ದಿನಗಳ ಸೆರೆವಾಸದ ಪ್ರಸ್ತಾಪವಿದೆ.

ನುಡಿಯ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ, ಅವರು ಬರೆಯಲಿ.

ಹಾರಂಗಿ_ಬಲದಂಡೆ

ಇಷ್ಟೊಂದು ತಲೆಕೆಡಿಸಿಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಕ್ಯೂಜಿಐಎಸ್ ಮತ್ತು ನುಡಿಯನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡು, ಬೇಕಾದಾಗ ಅಲ್ಲಿಂದಲೇ ತೆರೆದು ಕೆಲಸ ಮುಗಿಸಿ ತೆಗೆದುಬಿಟ್ಟರೆ ಕಂಪ್ಯೂಟರಿನಲ್ಲಿ ಏನೂ ಇರುವುದಿಲ್ಲ, ಪಟ್ಟಿಯೂ ಉಲ್ಲಂಘನೆಯಾಗುವುದಿಲ್ಲ. ನಮ್ಮ ಕಚೇರಿಯಲ್ಲಿ ಎರಡು ವರ್ಷಗಳಿಂದ ಹೀಗೆಯೇ ನಡೆದಿದೆ.

ಮಡಿಕೇರಿ_ಗಣಕಸೇವೆ

ಎರಡು ವರ್ಷ ನಡೆದದ್ದು ಯಾರೂ ನೋಡದ ಕಾರಣದಿಂದ. ವಿಂಡೋಸ್‌ನ ಆಪ್‌ಲಾಕರ್ ಮುಂತಾದ ವ್ಯವಸ್ಥೆಗಳನ್ನು ಜಾರಿಗೊಳಿಸಿದರೆ ವಿಂಡೋಸ್ ಮತ್ತು ಪ್ರೋಗ್ರಾಂ ಫೈಲ್ಸ್ ಎಂಬ ಎರಡು ಜಾಗಗಳ ಹೊರಗಿನಿಂದ ತೆರೆಯುವ ತಂತ್ರಾಂಶಗಳು ಸಾಮಾನ್ಯ ಬಳಕೆದಾರನಿಗೆ ನಡೆಯುವುದೇ ಇಲ್ಲ, ನಡೆಸಲು ಯತ್ನಿಸಿದ್ದರ ದಾಖಲೆಯೂ ಉಳಿಯುತ್ತದೆ. ಪ್ರಶ್ನೆ ಕೇಳಿದವರು ಹನ್ನೊಂದು ವರ್ಷ ಸಂಪಾದಿಸಿದ ನಂಬಿಕೆಯನ್ನು ಒಂದು ಪೆನ್‌ಡ್ರೈವ್‌ಗಾಗಿ ಕಳೆದುಕೊಳ್ಳುವುದು ಬೇಡ. ಅಲ್ಲದೆ ಪೆನ್‌ಡ್ರೈವ್‌ನಲ್ಲಿರುವ ಪ್ರತಿಯನ್ನು ಪರಿಷ್ಕರಿಸುವ ಜವಾಬ್ದಾರಿ ಯಾರದ್ದೂ ಆಗಿರುವುದಿಲ್ಲ. ವಿನ್‌ರಾರ್‌ನಲ್ಲಿ ಸುಮಾರು ಹತ್ತೊಂಬತ್ತು ವರ್ಷಗಳಿಂದ ಅಡಗಿದ್ದ ದೋಷ 2019ರಲ್ಲಿ ಬೆಳಕಿಗೆ ಬಂದಾಗ, ಸರಿಪಡಿಸಿದ ಆವೃತ್ತಿಯನ್ನು ಪ್ರತಿಯೊಬ್ಬರೂ ತಾವೇ ಇಳಿಸಿಕೊಳ್ಳಬೇಕಾಗಿತ್ತು. ಯಾವ ಯಂತ್ರದಲ್ಲಿ ಏನಿದೆಯೆಂದೇ ತಿಳಿಯದ ಕಚೇರಿಗಳು ಅದನ್ನು ಎಲ್ಲೆಂದು ಹುಡುಕಬೇಕು?

ಮಳೆಗಾಲ_ಪೊನ್ನಂಪೇಟೆ

ನಾನು ಬೆಂಗಳೂರಿನ ಒಂದು ತಂತ್ರಾಂಶ ಕಂಪನಿಗೆ ಪೊನ್ನಂಪೇಟೆಯ ಮನೆಯಿಂದ ಕೆಲಸ ಮಾಡುತ್ತೇನೆ. ಮಡಿಕೇರಿಯವರು ಹೇಳಿದ ಅಪಾಯಗಳು ನಿಜ, ಅದರಲ್ಲಿ ನನ್ನ ತಕರಾರಿಲ್ಲ. 2017ರಲ್ಲಿ ಕಂಪ್ಯೂಟರನ್ನು ಸ್ವಚ್ಛಗೊಳಿಸುವುದಕ್ಕೆಂದೇ ಜನ ನಂಬಿ ಹಾಕಿಕೊಂಡಿದ್ದ ಸಿಸಿಕ್ಲೀನರ್‌ನ ಅಧಿಕೃತ ಪ್ರತಿಯೇ ಸೋಂಕಿತವಾಗಿ 22 ಲಕ್ಷಕ್ಕೂ ಹೆಚ್ಚು ಯಂತ್ರಗಳಿಗೆ ಹೋಗಿತ್ತು, ಆದ್ದರಿಂದ ಅಧಿಕೃತ ತಾಣದಿಂದ ಇಳಿಸಿಕೊಂಡೆವೆಂಬುದು ಕೂಡ ಪೂರ್ಣ ರಕ್ಷೆಯಲ್ಲ. ನನ್ನ ಭಿನ್ನಾಭಿಪ್ರಾಯ ಇರುವುದು ಹೊಣೆ ಯಾರದ್ದು ಎಂಬಲ್ಲಿ. ಕೆಲಸ ಮಾಡುವವರನ್ನು ಕೇಳದೆ ಪಟ್ಟಿ ಮಾಡಿ, ಅದರಲ್ಲಿ ಇಲ್ಲದ್ದಕ್ಕೆ ನೀವೇ ಅರ್ಜಿ ಹಾಕಿ ಎನ್ನುವುದು ತಲೆಕೆಳಗಾದ ಕ್ರಮ. ಒಂಬತ್ತು ಕಂಪ್ಯೂಟರ್‌ಗಳಲ್ಲಿ ಈಗ ಏನೇನಿದೆ, ಯಾವುದನ್ನು ಯಾರು ಯಾವ ಕೆಲಸಕ್ಕೆ ತೆರೆಯುತ್ತಾರೆ ಎಂದು ಮೊದಲು ಒಂದು ತಿಂಗಳು ಸುಮ್ಮನೆ ದಾಖಲಿಸಿಕೊಂಡು, ಆ ಮೇಲೆ ನಿರ್ಬಂಧಿಸಬಹುದಿತ್ತು. ಆಪ್‌ಲಾಕರ್‌ನಲ್ಲಿಯೇ ತಡೆಯದೆ ಕೇವಲ ದಾಖಲಿಸುವ ವಿಧಾನವೊಂದಿದೆ. ಅದನ್ನು ಬಳಸುವ ತಾಳ್ಮೆ ಎಷ್ಟು ಜನರಿಗಿದೆ?

ತಂತ್ರಾಂಶವನ್ನು ನಿಷೇಧಿಸಿದರೆ ಕೆಲಸ ಮಾಯವಾಗುವುದಿಲ್ಲ, ಅದು ಕಚೇರಿಯ ಕಣ್ಣು ತಲುಪದ ಕಡೆಗೆ ಹೋಗುತ್ತದೆ. ನಿಮ್ಮ ಹುಡುಗರು ಮೊಬೈಲಿನಲ್ಲಿ ಸ್ಕ್ಯಾನ್ ಮಾಡುತ್ತಿರುವುದು ಚಪಲಕ್ಕಲ್ಲ, ಕಚೇರಿ ಸ್ಕ್ಯಾನರ್ ಕೊಡದ ಕಾರಣಕ್ಕೆ. ನನ್ನದೇ ಅನುಭವ ಹೇಳುತ್ತೇನೆ. ಎರಡು ವರ್ಷಗಳ ಹಿಂದೆ ಜುಲೈ ತಿಂಗಳಲ್ಲಿ ಮರ ಬಿದ್ದು ನಮ್ಮ ಕಡೆ ನಾಲ್ಕು ದಿನ ಕರೆಂಟ್ ಇರಲಿಲ್ಲ. ಕಂಪನಿಯ ಲ್ಯಾಪ್‌ಟಾಪ್ ಕಂಪನಿಯ ವಿಪಿಎನ್ (ಖಾಸಗಿ ಸುರಕ್ಷಿತ ಸಂಪರ್ಕ) ಮೂಲಕ ಮಾತ್ರ ಸಂಪರ್ಕ ಹೊಂದುತ್ತದೆ, ಆ ವಿಪಿಎನ್ ಎರಡು ಕಡ್ಡಿ ಸಿಗ್ನಲ್‌ನಲ್ಲಿ ನಿಲ್ಲುವುದಿಲ್ಲ. ನಾನು ಗೋಣಿಕೊಪ್ಪಕ್ಕೆ ಹೋಗಿ ಪರಿಚಯದವರ ಅಂಗಡಿಯಲ್ಲಿ ಕುಳಿತು, ಸ್ವಂತ ಲ್ಯಾಪ್‌ಟಾಪ್‌ನಿಂದ ಸ್ವಂತ ಇಮೇಲ್ ಮೂಲಕ ಒಂದು ಕಡತವನ್ನು ಸಹೋದ್ಯೋಗಿಗೆ ಕಳುಹಿಸಿದೆ. ಗಡುವು ಉಳಿಯಿತು, ಮರುವಾರ ನೋಟೀಸ್ ಬಂದಿತು. ನೋಟೀಸ್ ನ್ಯಾಯವಾದದ್ದೇ. ಆದರೆ ಕೊಡಗಿನ ಮಳೆಗಾಲದಲ್ಲಿ ಏನು ಮಾಡಬೇಕೆಂದು ನಾನು ಮೇ ತಿಂಗಳಿನಲ್ಲಿಯೇ ಇಮೇಲ್ ಬರೆದು ಕೇಳಿದ್ದಕ್ಕೆ ಉತ್ತರ ಬಂದಿರಲಿಲ್ಲವೆಂಬುದೂ ದಾಖಲೆಯಲ್ಲಿತ್ತು, ಹಾಗಾಗಿ ನೋಟೀಸ್ ಅಲ್ಲಿಗೇ ನಿಂತಿತು, ಇಂಟರ್‌ನೆಟ್ ಡಾಂಗಲ್ ಒಂದು ಬಂತು. ಆದ್ದರಿಂದ ಏನೇ ಕೇಳಿದರೂ ಬರಹದಲ್ಲಿ ಕೇಳಿ, ಫೋನಿನಲ್ಲಿ ಸಿಕ್ಕ ಒಪ್ಪಿಗೆಯನ್ನು ಒಪ್ಪಿಗೆಯೆಂದು ಎಣಿಸಬೇಡಿ.

ಅರ್ಜಿಯನ್ನು ಹೇಗೆ ಬರೆಯಬೇಕೆಂದು ಕೇಳಿದ್ದೀರಿ. ತಂತ್ರಾಂಶದ ಹೆಸರಿನಿಂದ ಆರಂಭಿಸಬೇಡಿ, ಕೆಲಸದಿಂದ ಆರಂಭಿಸಿ. ‘ಕ್ಯೂಜಿಐಎಸ್‌ಗೆ ಅನುಮತಿ ಬೇಕು’ ಎಂದರೆ ಓದುವವರಿಗೆ ಅದು ತಿಳಿಯದ ಒಂದು ಹೆಸರು ಮಾತ್ರ. ಅದರ ಬದಲಿಗೆ, ಯುರೋಪಿನ ನಿಯಮದ ಪ್ರಕಾರ ನಾಲ್ಕು ಹೆಕ್ಟೇರ್‌ಗಿಂತ ದೊಡ್ಡ, ಅಂದರೆ ಹತ್ತಿರ ಹತ್ತಿರ ಹತ್ತು ಎಕರೆಗಿಂತ ದೊಡ್ಡ ತೋಟಗಳಿಗೆ ಒಂದು ಬಿಂದು ಸಾಲದು, ಇಡೀ ಗಡಿಯನ್ನೇ ಕೊಡಬೇಕು. ಬೆಳೆಗಾರರು ಕಳುಹಿಸುವ ಗಡಿಗಳಲ್ಲಿ ಗೆರೆ ಗೆರೆಯನ್ನು ದಾಟಿರುತ್ತದೆ ಅಥವಾ ಪಕ್ಕದ ತೋಟದೊಳಗೆ ನುಗ್ಗಿರುತ್ತದೆ. ಅದನ್ನು ಸರಿಪಡಿಸಿ ಜಿಯೋಜೇಸನ್ ಎಂಬ ನಕ್ಷೆ ಕಡತದ ರೂಪದಲ್ಲಿ ಉಳಿಸಬೇಕು. ಪಟ್ಟಿಯಲ್ಲಿರುವ ಯಾವ ತಂತ್ರಾಂಶದಲ್ಲಿಯೂ ಇದು ಸಾಧ್ಯವಿಲ್ಲ. ಈ ಕೆಲಸ ಎರಡು ಕಂಪ್ಯೂಟರ್‌ಗಳಲ್ಲಿ ಮಾತ್ರ ನಡೆಯುತ್ತದೆ, ಏಳಕ್ಕೆ ಬೇಕಾಗಿಲ್ಲ ಎಂದು ಬರೆಯಿರಿ. ಕೊನೆಯ ವಾಕ್ಯ ಬಹಳ ಮುಖ್ಯ. ಎಲ್ಲದಕ್ಕೂ ಬೇಕೆಂದು ಕೇಳುವವರಿಗಿಂತ ಎರಡಕ್ಕೆ ಸಾಕೆಂದು ಕೇಳುವವರನ್ನು ಭದ್ರತೆಯವರು ಬೇಗ ನಂಬುತ್ತಾರೆ. ಆ ನಿಯಮದ ಜಾರಿಯ ದಿನಾಂಕ ಈಗಾಗಲೇ ಎರಡು ಬಾರಿ ಮುಂದೆ ಹೋಗಿರುವುದರಿಂದ ಈಗಲೇ ಅವಸರವೇನೆಂದು ಅವರು ಕೇಳಬಹುದು. ಕೊಯ್ಲಿನ ಸಮಯದಲ್ಲಿ ಬೆಳೆಗಾರರು ಕಾರ್ಖಾನೆಗೆ ತಾವಾಗಿಯೇ ಬರುತ್ತಾರೆ, ಆಮೇಲೆ ಒಬ್ಬೊಬ್ಬರನ್ನು ಹುಡುಕಿಕೊಂಡು ನಾವು ತೋಟಗಳಿಗೆ ಹೋಗಬೇಕು ಎಂಬ ಉತ್ತರವನ್ನು ಸಿದ್ಧವಾಗಿಟ್ಟುಕೊಳ್ಳಿ.

ನಿಮ್ಮ ಸುತ್ತೋಲೆ ಚಾಟ್‌ಜಿಪಿಟಿಯಂತಹ ಎಐ ಸೇವೆಗಳ ಬಗ್ಗೆ ಏನೂ ಹೇಳಿಲ್ಲವೆಂದು ಕಾಣುತ್ತದೆ. ಬ್ರೌಸರ್ ಒಂದಿದ್ದರೆ ಸಾಕು, ಅವು ಯಾವ ಪಟ್ಟಿಗೂ ಸಿಗದೆ ಒಳಬರುತ್ತವೆ. ಖರೀದಿದಾರರಿಗೆ ಇಂಗ್ಲಿಷ್ ಪತ್ರ ತಿದ್ದಿಸಲು ನಿಮ್ಮಲ್ಲಿ ಯಾರಾದರೂ ಒಪ್ಪಂದದ ದರವನ್ನು ಅಲ್ಲಿ ಅಂಟಿಸುತ್ತಿದ್ದರೆ ಈಗಲೇ ನಿಲ್ಲಿಸಿ. 2023ರಲ್ಲಿ ಸ್ಯಾಮ್‌ಸಂಗ್ ಇಂಥ ಸೇವೆಗಳನ್ನು ನಿರ್ಬಂಧಿಸಿದ್ದು ಅದರ ಎಂಜಿನಿಯರುಗಳು ಕಂಪನಿಯ ಒಳಗಿನ ತಂತ್ರಾಂಶದ ಕೋಡನ್ನೇ ಅಲ್ಲಿ ಹಾಕಿದ ಮೇಲೆ; ನಮ್ಮ ಕೇಂದ್ರ ಹಣಕಾಸು ಸಚಿವಾಲಯವೂ 2025ರ ಜನವರಿಯಲ್ಲಿ ತನ್ನ ಸಿಬ್ಬಂದಿಗೆ ಕಚೇರಿಯ ಯಂತ್ರಗಳಲ್ಲಿ ಇವನ್ನು ಬಳಸಬಾರದೆಂದು ಸೂಚಿಸಿತು.

ವಿರಾಜಪೇಟೆ_ನಿವೃತ್ತ

ನಾನು ಸರ್ಕಾರಿ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿ ಸೇರಿ, ಬೆರಳಚ್ಚು ಯಂತ್ರದಿಂದ ನುಡಿಗೆ, ನುಡಿಯಿಂದ ಯೂನಿಕೋಡ್‌ಗೆ (ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಏಕರೂಪದ ಸಂಕೇತ ವ್ಯವಸ್ಥೆ) ಬಂದು ನಿವೃತ್ತನಾದವನು. ಆದ್ದರಿಂದ ಕನ್ನಡದ ಮಾತನ್ನು ಮಾತ್ರ ಹೇಳುತ್ತೇನೆ.

ಮೇಡಂ ಅವರೇ, ನೀವು ನುಡಿಗೆ ಅನುಮತಿ ಕೇಳುವ ಮೊದಲು ನಿಮಗೆ ಬೇಕಾಗಿರುವುದು ನುಡಿಯೋ ಅಥವಾ ಕನ್ನಡವೋ ಎಂದು ಯೋಚಿಸಿ. ಹೊಸದಾಗಿ ಟೈಪ್ ಮಾಡಲು ನುಡಿ ಬೇಕಾಗಿಲ್ಲ. ವಿಂಡೋಸ್‌ನಲ್ಲಿಯೇ ಕನ್ನಡದ ಇನ್‌ಸ್ಕ್ರಿಪ್ಟ್ ಕೀಲಿಮಣೆ ಬಹಳ ಹಿಂದಿನಿಂದ ಇದೆ. 2019ರ ಮೇ ತಿಂಗಳ ಪರಿಷ್ಕರಣೆಯಿಂದ ಇಂಗ್ಲಿಷ್ ಅಕ್ಷರಗಳ ಉಚ್ಚಾರಣೆಯಂತೆ ಟೈಪಿಸಿದರೆ ಕನ್ನಡ ಮೂಡುವ ಕೀಲಿಮಣೆಯೂ ಸೇರಿದೆ. ವಿಂಡೋಸ್ 11 ನಿಮ್ಮ ಪಟ್ಟಿಯಲ್ಲಿರುವುದರಿಂದ ಅದೂ ಪಟ್ಟಿಯಲ್ಲಿದ್ದಂತೆಯೇ, ಸೆಟ್ಟಿಂಗ್ಸ್‌ನಲ್ಲಿ ಭಾಷೆಯನ್ನು ಸೇರಿಸಿಕೊಂಡರಾಯಿತು. ಆದರೆ ನುಡಿಯಲ್ಲಿರುವ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸಕ್ಕೆ ಒಗ್ಗಿದ ಬೆರಳುಗಳಿಗೆ ಇದು ಮೊದಲು ಹಿಂಸೆಯೆನಿಸುತ್ತದೆ. ನನಗೆ ಮೂರು ವಾರ ಹಿಡಿಯಿತು, ಅಷ್ಟು ದಿನ ಮನೆಯವಳು ನನ್ನನ್ನು ಮಾತನಾಡಿಸಲಿಲ್ಲ, ಅಷ್ಟು ಸಿಡುಕುತ್ತಿದ್ದೆ. ಆ ವಿನ್ಯಾಸವೇ ಬೇಕೆಂದಾದರೆ ಯೂನಿಕೋಡ್‌ನಲ್ಲಿಯೇ ಬರೆಯುವ ನುಡಿಯ ಹೊಸ ಆವೃತ್ತಿಯನ್ನು ಕೇಳಬಹುದು. ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ ರೂಪಿಸಿದ ತಂತ್ರಾಂಶವೆಂದು ಅರ್ಜಿಯಲ್ಲಿ ನಮೂದಿಸಿದರೆ ಬೆಂಗಳೂರಿನವರ ಅನುಮಾನ ಅರ್ಧ ಇಳಿಯುತ್ತದೆ.

ನಿಜವಾದ ತೊಡಕಿರುವುದು ಆ 1,400 ಹಳೆಯ ಕಡತಗಳಲ್ಲಿ. ನುಡಿಯ ಹಳೆಯ ಫಾಂಟ್‌ಗಳಲ್ಲಿ ಕನ್ನಡ ಅಕ್ಷರಗಳು ಕನ್ನಡವಾಗಿ ಶೇಖರವಾಗಿಯೇ ಇಲ್ಲ. ಒಳಗೆ ಇರುವುದು ಲ್ಯಾಟಿನ್ ಚಿಹ್ನೆಗಳು, ಫಾಂಟ್ ಅವುಗಳ ಮೇಲೆ ಕನ್ನಡದ ವೇಷ ಹಾಕಿ ತೋರಿಸುತ್ತದೆ. ನುಡಿಯನ್ನು ಅದರ ಫಾಂಟ್‌ಗಳ ಸಮೇತ ತೆಗೆದ ದಿನ ನಿಮ್ಮ ಒಪ್ಪಿಗೆ ಪತ್ರಗಳೆಲ್ಲ ಓದಲಾಗದ ಚಿಹ್ನೆಗಳ ಸಾಲುಗಳಾಗಿ ಕಾಣುತ್ತವೆ. ಎಕ್ಸೆಲ್‌ನಲ್ಲಿ ಬೆಳೆಗಾರರ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿದಾಗ ಕ್ರಮ ತಪ್ಪುತ್ತಿದ್ದುದಕ್ಕೂ ಇದೇ ಕಾರಣ. ಹಾಗಾಗಿ ಹದಿನೈದನೆಯ ದಿನ ಬರುವ ಮೊದಲು ಒಂದು ಕಂಪ್ಯೂಟರಿನಲ್ಲಿ ಮಾತ್ರ ಹಳೆಯ ನುಡಿಯನ್ನು ಮಾರ್ಚ್ ಕೊನೆಯವರೆಗೆ ಉಳಿಸಿಕೊಳ್ಳಲು ಅನುಮತಿ ಕೇಳಿ, ಅದರ ಜೊತೆಗೆ ಬರುವ ಪರಿವರ್ತಕದಿಂದ ಕಡತಗಳನ್ನು ಯೂನಿಕೋಡ್‌ಗೆ ಬದಲಾಯಿಸಿ. ದಯವಿಟ್ಟು ಅಂತರ್ಜಾಲದಲ್ಲಿ ಸಿಗುವ ಪರಿವರ್ತಕ ತಾಣಗಳಿಗೆ ಅಂಟಿಸಬೇಡಿ, ಮಡಿಕೇರಿಯವರು ಪಿಡಿಎಫ್ ಬಗ್ಗೆ ಹೇಳಿದ್ದು ಇದಕ್ಕೂ ಅನ್ವಯಿಸುತ್ತದೆ.

ಪರಿವರ್ತನೆಯಾದ ಮೇಲೆ ಕಣ್ಣಿಟ್ಟು ಓದಬೇಕು. ಅರ್ಕಾವತ್ತು ಸ್ಥಳ ತಪ್ಪುವುದು, ಎರಡು ಒತ್ತಕ್ಷರ ಸೇರಿದಲ್ಲಿ ಒಂದು ಜಾರಿಹೋಗುವುದು, ಅದೇ ಸಾಲಿನಲ್ಲಿದ್ದ ಇಂಗ್ಲಿಷ್ ಪದ ಕನ್ನಡದ ಅಸಂಬದ್ಧ ಅಕ್ಷರಗಳಾಗುವುದು ನಾನು ಕಂಡ ಸಾಮಾನ್ಯ ದೋಷಗಳು. ಪತ್ರದ ಒಕ್ಕಣೆಯಲ್ಲಿ ತಪ್ಪಿದರೆ ನಕ್ಕು ಬಿಡಬಹುದು, ಮನೆತನದ ಹೆಸರು ಮತ್ತು ಸರ್ವೆ ನಂಬರಿನ ಪಕ್ಕದ ಹಿಸ್ಸಾ ಸಂಖ್ಯೆಯಲ್ಲಿ ತಪ್ಪಿದರೆ ಹಣ ಬೇರೆಯವರ ಖಾತೆಗೆ ಹೋಗುತ್ತದೆ. ಎಲ್ಲ 1,400 ಕಡತಗಳೂ ಬೇಕೇ ಎಂಬುದನ್ನೂ ನೋಡಿ. ನಾವು ಕಚೇರಿಯಲ್ಲಿ ಪರಿವರ್ತನೆಗೆ ಕುಳಿತಾಗ ಮುಕ್ಕಾಲು ಪಾಲು ಕಡತಗಳು ಒಂದೇ ಪತ್ರದ ಮೇಲೆ ಹೆಸರು ಬದಲಾಯಿಸಿ ಉಳಿಸಿದವು ಎಂಬುದು ಗೊತ್ತಾಯಿತು. ಸಹಿಯಾದ ಪತ್ರದ ಕಾಗದದ ಪ್ರತಿ ಇದ್ದರೆ ಹಳೆಯದನ್ನು ಪಿಡಿಎಫ್ ಮಾಡಿಟ್ಟು, ಚಾಲ್ತಿಯಲ್ಲಿರುವುದನ್ನು ಮಾತ್ರ ಬದಲಾಯಿಸಿಕೊಳ್ಳಿ.

ಕುಶಾಲನಗರ_ಲೆಕ್ಕಪತ್ರ

ಎಲ್ಲರಿಗೂ ಧನ್ಯವಾದಗಳು. ವಿರಾಜಪೇಟೆಯವರು ಹೇಳಿದಂತೆ ಎಣಿಸಿ ನೋಡಿದೆವು. ಚಾಲ್ತಿಯಲ್ಲಿರುವ ಮಾದರಿ ಪತ್ರಗಳು ಮೂವತ್ತೆಂಟು, ಬೆಳೆಗಾರರ ಹೆಸರಿನ ಪಟ್ಟಿ ಒಂದು. ನಾನು 1,400 ಎಂದು ಹೆದರಿಕೊಂಡಿದ್ದೆ.

ಮೂರು ಪ್ರತ್ಯೇಕ ಅರ್ಜಿಗಳನ್ನು ಕಳುಹಿಸಿದೆ, ಎನಿಡೆಸ್ಕ್ ಕೇಳಲಿಲ್ಲ. ಉತ್ತರ ಆರು ದಿನಗಳಲ್ಲಿ ಬಂದಿತು. ಹಳೆಯ ನುಡಿಯನ್ನು ನನ್ನ ಕಂಪ್ಯೂಟರಿನಲ್ಲಿ ಮಾತ್ರ ಮಾರ್ಚ್ 31ರವರೆಗೆ ಇಟ್ಟುಕೊಳ್ಳಬಹುದು. ಕ್ಯೂಜಿಐಎಸ್ ಎರಡು ಕಂಪ್ಯೂಟರ್‌ಗಳಿಗೆ ದೊರೆತಿದೆ, ಆದರೆ ಅದನ್ನು ಹಾಕುವವರು ಮತ್ತು ಪರಿಷ್ಕರಿಸುವವರು ಅವರೇ, ನಾವಲ್ಲ; ಅದಕ್ಕೆ ಹೆಚ್ಚುವರಿ ಪ್ಲಗಿನ್‌ಗಳನ್ನು ಸೇರಿಸುವಂತಿಲ್ಲ. ಕೊಯ್ಲಿನ ಸಮಯದ ವಿವರಣೆ ಅವರಿಗೆ ಹೊಸದಾಗಿತ್ತೆಂದು ಕಾಣುತ್ತದೆ, ಅರ್ಜಿಯ ಆ ಭಾಗವನ್ನು ಯಾರೋ ಮೇಲಿನವರಿಗೆ ಹಾಗೆಯೇ ಕಳುಹಿಸಿದ್ದಾರೆ. ವೇ ಬ್ರಿಡ್ಜ್ ಕಂಪ್ಯೂಟರಿನ ಜಾಲದ ಕೇಬಲ್ಲನ್ನು ನಿನ್ನೆ ಬಿಚ್ಚಿದರು. ಇನ್ನು ಮುಂದೆ ದಿನದ ತೂಕದ ವಿವರವನ್ನು ಸಂಜೆ ಮುದ್ರಿಸಿ ತಂದು ಟ್ಯಾಲಿಗೆ ಕೈಯಿಂದಲೇ ಏರಿಸಬೇಕು, ದಿನಕ್ಕೆ ಮುಕ್ಕಾಲು ಗಂಟೆಯ ಹೆಚ್ಚುವರಿ ಕೆಲಸ. ಮೈಸೂರಿನವರು ಪ್ರತಿ ಬಾರಿ ಬರಲು 2,500 ರೂಪಾಯಿ ಕೇಳುತ್ತಿದ್ದಾರೆ. ಅದನ್ನು ಯಾವ ಲೆಕ್ಕದಡಿ ಹಾಕಬೇಕೆಂದು ಬೆಂಗಳೂರಿಗೆ ಬರೆದಿದ್ದೇನೆ.

ಸ್ಕ್ಯಾನರ್ ವಿಷಯದಲ್ಲಿ ಮಾತ್ರ ಉತ್ತರ ‘ಮುಂದಿನ ಆರ್ಥಿಕ ವರ್ಷದಲ್ಲಿ ಪರಿಗಣಿಸಲಾಗುವುದು’ ಎಂದು ಬಂದಿದೆ. ಅಲ್ಲಿಯವರೆಗೆ ಪಹಣಿ ಮತ್ತು ಪಾಸ್‌ಬುಕ್‌ಗಳನ್ನು ಏನು ಮಾಡಬೇಕೆಂದು ಅದರಲ್ಲಿ ಬರೆದಿಲ್ಲ.

ಮಳೆಗಾಲ_ಪೊನ್ನಂಪೇಟೆ

ಆ ಕೊನೆಯ ಪ್ರಶ್ನೆಯನ್ನು ಇಂದೇ ಇಮೇಲ್‌ನಲ್ಲಿ ಕೇಳಿ, ಅವರ ಸುತ್ತೋಲೆಯ ಸಂಖ್ಯೆಯನ್ನು ಉಲ್ಲೇಖಿಸಿ. ಹೊಸ ಯಂತ್ರ ಬರುವವರೆಗೆ ನಿಮ್ಮ ಜೆರಾಕ್ಸ್ ಯಂತ್ರದಲ್ಲಿಯೇ ಸ್ಕ್ಯಾನ್ ಗುಂಡಿ ಇದೆಯೇ ಎಂದು ಒಮ್ಮೆ ನೋಡಿ. ಅನೇಕ ಕಚೇರಿಗಳಲ್ಲಿ ಅದು ಇರುತ್ತದೆ, ಯಾರೂ ಒತ್ತಿರುವುದಿಲ್ಲ.

ಕುಶಾಲನಗರ_ಲೆಕ್ಕಪತ್ರ

ಇದೆ. ಅದನ್ನು ಕಂಪ್ಯೂಟರಿಗೆ ಜೋಡಿಸುವ ಡ್ರೈವರ್ ತಂತ್ರಾಂಶ ಪಟ್ಟಿಯಲ್ಲಿಲ್ಲ. ನಾಲ್ಕನೆಯ ಅರ್ಜಿ ಬರೆಯುತ್ತಿದ್ದೇನೆ.